‘ನೀರಿನ ಪಾಳಿ’ಯೊಳಗಿನ ದನಿ

ಸಭೆಯ ಅಧ್ಯಕ್ಷರಾದ ಅಮರಗುಂಡಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಈ ಬಿಸಿಲಿನಲ್ಲಿ ಸಿಂಧನೂರಿನಿಂದಲೂ ಲಿಂಗಸುಗೂರಿನಿಂದಲೂ ಬಸ್ಸು ಹಿಡಿದು ಮಸ್ಕಿಗೆ ಬಂದಿರುವ ಸಭಿಕರೇ,

‘ತೂಬು’ ಎಂಬ ಬ್ಯಾಂಡಿನ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಕೇಳಿರಲಿಕ್ಕಿಲ್ಲ. ಇರುವವರೇ ಮೂವರು. ಹಾಡುವವನು ಸಿಂಧನೂರಿನ ಜಾಹೀದ್. ಡ್ರಮ್ಸ್ ಬಾರಿಸುವವಳು ಲಿಂಗಸುಗೂರಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಅಂಬಿಕಾ. ರೆಕಾರ್ಡಿಂಗ್ ನೋಡಿಕೊಳ್ಳುವವನು ಅವಳ ತಮ್ಮ ಶಿವಪ್ರಸಾದ. ಕಾಲುವೆಯ ಕೊನೆಯ ಹೊಲಗಳು ನೀರಿಗಾಗಿ ಕಾಯುವುದನ್ನು ಕುರಿತು ಇವರು ಕಟ್ಟಿರುವ ಹೊಸ ಹಾಡು ‘ನೀರಿನ ಪಾಳಿ’. ಇದುವರೆಗೆ ಇನ್ನೂರ ಹನ್ನೊಂದು ಸಲ ಕೇಳಿದ್ದಾರೆಂದು ಮೊಬೈಲು ತೋರಿಸುತ್ತದೆ. ಅದರಲ್ಲಿ ತೊಂಬತ್ತು ಸಲ ಕೇಳಿದವಳು ನಾನೊಬ್ಬಳೇ! ನಗಿರಿ, ನಗಿರಿ. ಯಾಕೆ ಕೇಳಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಎರಡನೆಯ ನುಡಿ ಮುಗಿದೊಡನೆ ವಾದ್ಯಗಳು ನಿಲ್ಲುತ್ತವೆ. ಆ ಮೌನದಲ್ಲಿ, ದೂರದಿಂದ, ಸಣ್ಣ ಹುಡುಗಿಯೊಬ್ಬಳು ‘ಅಕ್ಕಾ’ ಎಂದು ಮೂರು ಸಲ ಕರೆಯುತ್ತಾಳೆ. ಯಾರದಪ್ಪಾ ಆ ದನಿ ಎಂದು ಜಾಹೀದನಿಗೆ ಫೋನ್ ಮಾಡಿದೆ.

“ಯಾವ ಹುಡುಗಿರೀ ಮೇಡಂ? ಬಂದ್ ಆದ ರೈಸ್ ಮಿಲ್ಲಿನ್ಯಾಗ ಹಾಡೀವಿ. ನಾವು ಮೂರ್ ಮಂದಿ ಬಿಟ್ರ ಅಲ್ಲಿ ಯಾರೂ ಇರ್ಲಿಲ್ರೀ.”

ಹಾಡಿನ ಆ ಜಾಗದಲ್ಲಿ ಅವರಿಗೆ ಏನೂ ಕೇಳಿಸುವುದಿಲ್ಲವಂತೆ. ನನಗೆ ದನಿಯ ಗುರುತು ಸಿಗಲಿಲ್ಲವೆಂದರೆ ಸುಳ್ಳಾಗುತ್ತದೆ.

ನನಗೆ ಶಿವಗಂಗಾ ಎಂಬ ತಂಗಿಯಿದ್ದಳು. ಗಂಗಿ. ನನ್ನ ಸನ್ಮಾನದ ಸಭೆಯಲ್ಲಿ ಇದನ್ನೆಲ್ಲ ಹೇಳಬಾರದೇನೋ, ಅಧ್ಯಕ್ಷರು ಕ್ಷಮಿಸಬೇಕು. ನನಗಾಗ ಹದಿಮೂರು, ಅವಳಿಗೆ ಎಂಟು. ಕಾಲುವೆಗೆ ಬಟ್ಟೆ ಒಗೆಯಲು ಹೋಗಿದ್ದೆವು. ಒಂದು ರಿಬ್ಬನ್ನಿಗಾಗಿ ಜಗಳವಾಡಿ ನಾನು ಬುಟ್ಟಿ ಎತ್ತಿಕೊಂಡು ಮುಂದೆ ನಡೆದೆ. ಹಿಂದೆ ಅವಳು ಕಾಲುಜಾರಿ ನೀರಿಗೆ ಬಿದ್ದಳು, ಬದುಕಲಿಲ್ಲ. ಕರೆದಿದ್ದರೆ ಓಡಿ ಬರುತ್ತಿದ್ದೆ, ಅವಳು ಕರೆಯಲೇ ಇಲ್ಲ ಎಂದು ಅವ್ವನಿಗೆ ಹೇಳಿದೆ. ನಲವತ್ತೆಂಟು ವರ್ಷ ಅದನ್ನೇ ಹೇಳಿದೆ. ಊರಿಗೆ, ಗಂಡನಿಗೆ, ಹೇಳಿ ಹೇಳಿ ನನಗೂ.

ಕಳೆದ ಸೋಮವಾರ ಮಧ್ಯಾಹ್ನ ಅವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. ನಾನು ಹಾಡು ಹಚ್ಚಿದ್ದೆ. ಅವಳ ಕೈಯಲ್ಲಿದ್ದ ಮೊರ ನಿಂತಿತು.

“ಗಂಗಿ ಕರೀತಾಳಲ್ಲ. ಹಂಗಾರ ಕರದಾಳ ಆಕಿ. ನಿನಗ ಕೇಳಿಸಿತ್ತೇನು?”

“ಕೇಳಿಸಿತ್ತವ್ವ. ಚ್ಯಾಷ್ಟಿ ಮಾಡಾಕತ್ತಾಳ ಅನ್ಕೊಂಡೆ.”

ಅವ್ವ ಬಯ್ಯಲಿಲ್ಲ. ಅಳಲಿಲ್ಲ. ಮೊರ ಕೆಳಗಿಟ್ಟು, “ಈಗರೆ ಓ ಅನ್ನು,” ಅಂದಳು.

ಅರವತ್ತೊಂದು ವರ್ಷದ ನಿವೃತ್ತ ಶಿಕ್ಷಕಿ ನಾನು, ಮೊಬೈಲಿನ ಮುಂದೆ ಕುಳಿತು ‘ಓ’ ಅಂದೆ. ಮರುದಿನ ಹಾಡು ಹಚ್ಚಿದರೆ ದನಿ ಹತ್ತಿರ ಬಂದಿತ್ತು. ಈಗದು ‘ಅಕ್ಕಾ’ ಎನ್ನುವುದಿಲ್ಲ. ‘ಅವ್ವಾ’ ಎನ್ನುತ್ತದೆ.

ಸತ್ತವರ ಕರೆಗೆ ಓಗೊಟ್ಟವರು ಅವರ ಹಿಂದೆಯೇ ಹೊರಟುಹೋಗುತ್ತಾರೆಂದು ನಮ್ಮ ಕಡೆ ಹೇಳುವುದು ನಿಮಗೆ ಗೊತ್ತೇ ಇದೆ. ನಾನು ಹೆದರಿ ನನ್ನ ಮೊಬೈಲಿನಿಂದ ಹಾಡನ್ನು ಅಳಿಸಿಹಾಕಿದೆ. ಅವ್ವ ಊಟ ಬಿಟ್ಟಳು. “ಎಂಟು ವರ್ಷದ ಕೂಸದು. ಎಷ್ಟೊತ್ತಂತ ಕರೀಬೇಕು?” ಅಂದಳು. ಮನೆಯಲ್ಲಿ ನಾವಿಬ್ಬರೇ ಕೂತು ಕೇಳಲು ನನಗೆ ಧೈರ್ಯವಾಗಲಿಲ್ಲ. ಅದಕ್ಕೇ ಇಲ್ಲಿಗೆ ಕರೆತಂದಿದ್ದೇನೆ. ಮುಂದಿನ ಸಾಲಿನ ಕೊನೆಗೆ ಕುಳಿತಿರುವ ಪಾರ್ವತೆಮ್ಮನೇ ನನ್ನ ಅವ್ವ.

ಜಾಹೀದ್, ಅಂಬಿಕಾ, ಶಿವಪ್ರಸಾದ, ನಿಮಗೆ ಒಳ್ಳೆಯದಾಗಲಿ. ಇನ್ನು ಹಾಡು ಹಚ್ಚುತ್ತಾರೆ. ಎರಡನೆಯ ನುಡಿಯ ನಂತರ ನಿಮಗೆ ಏನೂ ಕೇಳಿಸದಿರಬಹುದು. ಅವ್ವ ‘ಓ’ ಅಂದರೆ ಯಾರೂ ನಗಬೇಡಿ, ಅವಳ ಬಾಯಿ ಮುಚ್ಚಿಸಬೇಡಿ. ಹಚ್ಚುವವರು ಒಂದು ನಿಮಿಷ ತಡೆಯಿರಿ, ನಾನು ಇಳಿದು ಹೋಗಿ ಆಕೆಯ ಕೈ ಹಿಡಿದು ಕೂರುತ್ತೇನೆ.

ಇಷ್ಟು ಹೊತ್ತು ಕೇಳಿದಿರಿ, ದೊಡ್ಡ ಉಪಕಾರ. ನಮಸ್ಕಾರ.