ಮೊದಲ ಕೊಪ್ಪರಿಗೆಯ ಬೆಲ್ಲ

...ಕೂಸ್ನ ಇತ್ತಗ್ ಕೊಡು ಅಂದ್ನಲ್ಲಾ ಪದ್ಮಿನಿ! ಎಷ್ಟು ಸಲ ಏಳ್ಬೇಕು? ಮಾವ ಅನ್ನೋ ಭಯ ಇಲ್ದೆ ಓದ್ರೆ ಓಗ್ಲಿ, ಆಲೆಮನೇಲಿ ಜನ ಕಾಯ್ತಾ ಕುಂತವ್ರೆ ಅನ್ನೋದಾದ್ರೂ ತಲೇಲಿರ್ಲಿ. ಈ ವರ್ಸದ ಮೊದ್ಲ ಕೊಪ್ಪರಿಗೆ ಇಳ್ಸಿದೀವಿ. ಮೊದ್ಲ ಬೆಲ್ಲ ಮನೆ ಕೂಸಿನ ನಾಲ್ಗೆಗೆ ಮುಟ್ಸಿ, ಆಮೇಲೆ ಮಾರಾಟ. ನಮ್ಮಪ್ಪನ ಕಾಲದಿಂದ್ಲೂ ಇದೇ ಪದ್ಧತಿ. ಕಡ್ಲೆಕಾಳಷ್ಟು ಕಣಮ್ಮಿ, ಒಂದು ಕಡ್ಲೆಕಾಳಷ್ಟು... ಅದಕ್ಕೆ ಇಷ್ಟು ರಂಪ!

ತಲೆ ಅಲ್ಲಾಡಿಸ್ಬ್ಯಾಡ. ಡಾಕ್ಟ್ರು ಏಳಿದ್ದು ನಂಗೂ ಕೇಳುಸ್ತು, ನಾನೇನು ಕಿವುಡ್ನಾ? ಕೂಸಿನ ಈಲೀಲಿ, ಅದೇ ಲಿವರ್ ಅಂತಾರಲ್ಲ, ಅದ್ರಲ್ಲಿ ಅದೇನೋ ಒಂದು ಕೆಟ್ಟದಂತೆ. ಕಿಣ್ವ! ಆಲ್ಡೊಲೇಸ್ ಬಿ! ಅಬ್ಬಬ್ಬಾ, ಎಸರು ನೋಡು! ಹಣ್ಣು, ಜೇನು, ಸಕ್ರೆ, ಬೆಲ್ಲ, ಇವುಗಳ ಸಿಹಿ ಅರಗ್ಸೋದು ಅದೇ ಅಂತೆ. ಅದು ಸರಿಯಿಲ್ದಿದ್ರೆ ತಿಂದ ಬೆಲ್ಲ ವಿಷ ಆಯ್ತದಂತೆ. ಥೂ! ನಾಕು ತಲೆಮಾರು ಬೆಲ್ಲ ಬೇಯ್ಸಿ ಬದುಕಿದ ಮನೇಲಿ ನಿಂತ್ಕಂಡು ಬೆಲ್ಲ ವಿಷ ಅಂತ ಕೇಳ್ಬೇಕಾಯ್ತಲ್ಲಾ ನಾನು!

ಏನು, ಬಾಯಲ್ಲಿ ಏಳ್ದೆ ಬೆರಳಲ್ಲಿ ಬಾಳೆಗೊನೆ ತೋರುಸ್ತೀಯಾ? ಗೊತ್ತು, ಗೊತ್ತು. ಹಣ್ಣು ಕಿವುಚಿ ತಿನ್ಸಿದ್ ದಿನ ಕೂಸು ವಾಂತಿ ಮಾಡ್ತು, ಬೆವೆತು ತಣ್ಣಗಾಯ್ತು, ಕಣ್ಣು ಮೇಲಾಯ್ತು. ನಾನೇ ಅಲ್ವಾ ಕೊಳ್ಳೇಗಾಲಕ್ಕೆ ಆಟೋ ತರ್ಸಿದ್ದು? ಅದು ದೃಷ್ಟಿ ಕಣಮ್ಮಿ. ಕೆಂಪಗೆ ದುಂಡಗಿರೋ ಗಂಡು ಕೂಸು, ಯಾರ ಕಣ್ಣು ಬಿತ್ತೋ. ನೀನು ನೆಟ್ಟಗೆ ನಿವಾಳಿಸಿದ್ರೆ ಮೈಸೂರಿನ ಆಸ್ಪತ್ರೆ ಗಂಟ ಓಗೋದೇ ಬೇಕಿರ್ಲಿಲ್ಲ. ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ, ಅಂಗಾಯ್ತು ನಿನ್ ಕತೆ. ಕೂಸು ಸಾಕಕ್ಕೆ ಬರ್ಲಿಲ್ಲ, ಬೆಲ್ಲದ ಮ್ಯಾಲೆ ಆಕ್ಬುಟ್ಟೆ.

ತಪ್ಪು ನಂದೇ ಬುಡು. ಯಳಂದೂರು ಸುತ್ತ ನೀರಾವರಿ ಇರೋ ಮನೆಗಳು ಹೆಣ್ಣಿಟ್ಕಂಡು ಕಾಯ್ತಿದ್ವು. ನಾನು ಓಗಿ ಓಗಿ ಶಾಗ್ಯದ ಸಂಬಂಧ ತಂದೆ. ನಿಮ್ಮಪ್ಪನ ಮನೇಲಿ ರಾಗಿಮುದ್ದೆ, ಹುರುಳಿ ಸಾರು, ಬುಟ್ರೆ ಬ್ಯಾರೆ ಏನಿತ್ತು? ಮದ್ವೆ ಪಾಯ್ಸಾನೂ ನೀರು! ಒಂದು ದ್ರಾಕ್ಷಿಗೆ ಸೌಟಾಕಿ ಹುಡುಕಬೇಕಾಗಿತ್ತು. ನಾನು ಉಣ್ಲಿಲ್ಲ, ಉಂಡೋರು ಏಳಿದ್ರು. ಸಿಹೀನೇ ಕಾಣದ ವಂಶಕ್ಕೆ ಸಿಹಿ ಅರಗೋದೆಂಗೆ? ನಿಮ್ ರಕ್ತ ಅದು, ನಿಮ್ ರಕ್ತ!

ಎರಡು ಬೆರಳು ಯಾಕೆತ್ತುತೀಯ? ಅಪ್ಪನ ಕಡೆಯಿಂದ ಒಂದು, ಅವ್ವನ ಕಡೆಯಿಂದ ಒಂದು, ಎರಡೂ ಸೇರಿದ್ರೇ ಈ ಕಾಯ್ಲೆ ಅಂತ ಡಾಕ್ಟ್ರು ಅಂದದ್ದಾ? ನನ್ ಮಗ ಅದ್ನ ಕೇಳ್ಕಂಡು ಕುರಿ ಅಂಗೆ ತಲೆ ಆಡ್ಸಿದ್ನಲ್ಲ! ದಂಡಪಿಂಡ! ಪ್ರಭುಸ್ವಾಮಿ ಅಂತ ಎಸರು ಬ್ಯಾರೆ. ಅವ್ನಿಗೇನಾಗಿತ್ತು? ಬೆಲ್ಲದಚ್ಚು ಕದ್ದು ತಿಂದು ತಿಂದು ಹಲ್ಲೆಲ್ಲಾ ಹುಳುಕು ಮಾಡ್ಕಂಡವ್ನು ಅವ್ನು. ನಮ್ಮ ಕಡೆ ಯಾರಿಗೂ ಇಲ್ಲ. ಯಾರಿಗೂ!

...ಯಾಕಮ್ಮಿ ನಗ್ತೀಯ? ನನ್ ಬಾಯಿ ಯಾಕಂಗೆ ನೋಡ್ತೀಯ? ಹ್ಞೂ, ಎಪ್ಪತ್ತಾದ್ರೂ ಒಂದು ಹಲ್ಲು ಉದುರಿಲ್ಲ, ಒಂದು ಹುಳುಕಿಲ್ಲ. ಬೇವಿನ ಕಡ್ಡಿ ಪುಣ್ಯ ಅದು. ಅದ್ರಲ್ಲಿ ನಗೋದೇನದೆ?

ಓ... ಗೊತ್ತಾಯ್ತು. ನಾನು ಬೆಲ್ಲ ತಿನ್ನಲ್ಲ ಅಂತಾನಾ? ಮಾದಪ್ಪನಿಗೆ ಬುಟ್ಟಿವ್ನಿ ಕಣಮ್ಮಿ, ಹರಕೆ! ಊರಿಗೇ ಗೊತ್ತು. ಪಾಕ ನೋಡಕ್ಕೆ ನಾಲ್ಗೆ ಯಾಕೆ? ನೀರಿಗೆ ಬುಟ್ಟು, ಉಂಡೆ ಮಾಡಿ, ತಗಡಿಗೆ ಒಡುದ್ರೆ ಟಣ್ ಅನ್ಬೇಕು. ಕಿವಿ ಸಾಕು. ಈ ದೊಡ್ಡಸಿದ್ದಯ್ಯನ ಪಾಕ ಒಂದ್ಸಲಾನೂ ಕೆಟ್ಟಿಲ್ಲ. ನಿಮ್ಮಪ್ಪನ್ನ ಮಾಡು ಅನ್ನು ನೋಡವ!

ಮತ್ತೇನು ಹಿತ್ಲ ಕಡೆ ಹುಬ್ಬು ಆರುಸ್ತೀಯ? ಲಾಡು ವಿಚಾರಾನಾ? ನೋಡ್ಬುಟ್ಟಾ ನೀನು? ಹ್ಞೂ, ಬೆಟ್ಟದಿಂದ ತಂದ ಲಾಡು ಪ್ರಸಾದಾನ ಹಿತ್ಲಲ್ಲಿ ಹಸುಗೆ ತಿನ್ಸಿದೆ. ಅದಕ್ಕೇನೀಗ? ಮಾದಪ್ಪನಿಗೆ ಹರಕೆ ಓತ್ಕಂಡೋನು ಮಾದಪ್ಪನ ಪ್ರಸಾದಾನೇ ತಿನ್ನಲ್ವಾ ಅಂತ ನಗ್ತೀಯಾ? ಓತ್ಕಂಡಿದ್ದು ನಾನಲ್ಲ, ನಮ್ಮವ್ವ. ನಂಗಾಗ ಮೂರು ವರ್ಸ. ಬೆಟ್ಟದ ಮ್ಯಾಲೆ ಬಾಳೆಹಣ್ಣಿನ ರಸಾಯನ ತಿನ್ಸಿದ್ರಂತೆ. ವಾಂತಿ ಆಯ್ತಂತೆ, ಮೈ ಬೆವೆತು ತಣ್ಣಗಾಯ್ತಂತೆ, ಕಣ್ಣು ಮ್ಯಾಲಕ್ಕೆ...

ಬಿಸ್ಲು! ಬಿಸ್ಲಿಗೆ ಆದದ್ದು ಅದು! ಬರಿಗಾಲಲ್ಲಿ ಬೆಟ್ಟ ಅತ್ತಿದ್ರು, ಅದಕ್ಕೆ. ನೀನು ಅದ್ನೂ ಇದ್ನೂ ಗಂಟಾಕ್ಬ್ಯಾಡ. ನಮ್ಮವ್ವ ಎದ್ರುಕಂಡು, ಇನ್ನು ಇವ್ನಿಗೆ ಸಿಹಿ ಬ್ಯಾಡ ಅಂತ ಬುಡ್ಸುದ್ಳು, ಅಷ್ಟೇ.

ಏಯ್, ಅದ್ಯಾಕೆ ತಕಂಡೆ? ನನ್ ಕೈಯಿಂದ ಬೆಲ್ಲ ಕಿತ್ಕತೀಯಾ? ಎಷ್ಟು ಕೊಬ್ಬು! ಇತ್ತಗ್... ಏನಿದು? ನನ್ ಬಾಯಿಗಾ? ಮೊದ್ಲು ನಾನು ತಿನ್ಬೇಕಾ? ಹರಕೆ ಅದೆ ಅಂತ ಏಳಿದ್ನಲ್ಲ... ಕೈ ಇಳ್ಸು. ಇಳ್ಸಮ್ಮಿ ಕೈಯ.

ನಾನು ಎದುರ್ಕಂಡೆ ಅನ್ಕಂಡ್ಯಾ? ಶಾಗ್ಯದೋಳಿಗೆ ಎದುರ್ಕತೀನಾ ನಾನು? ಕೊಡಿಲ್ಲಿ! ತಪ್ಪುಕಾಣಿಕೆ ಕಟ್ಟುದ್ರೆ ಆಯ್ತು, ಮಾದಪ್ಪ ಮಾಫ್ ಮಾಡ್ತಾನೆ. ನೋಡು, ನೋಡ್ತಾ ಇರು... ಇಗಾ, ತಿಂತೀನಿ...

...ಥೂ, ಈ ವಾಸ್ನೆ...

ಇಲ್ಲ, ಇರು. ಕೊಪ್ಪರಿಗೆ ಮುಂದೆ ದಿನಾ ಕುಡಿಯೋ ವಾಸ್ನೆ ಇದು, ಏನೂ ಆಗಲ್ಲ. ತುಟಿ ತಾವ ಬಂದ್ರೆ ಮಾತ್ರ ಮುಖ ತಾನೇ ಅತ್ತಗ್ ತಿರುಗ್ತದೆ. ಅಂಗೆ ನೋಡ್ಬ್ಯಾಡ ಕಣಮ್ಮಿ. ಒಂದು ಮಾತಾಡು. ಬಯ್ಯಿ. ಬಯ್ಯಾದ್ರೂ ಬಯ್ಯಿ...

ಎಪ್ಪತ್ತು ವರ್ಸದವ್ನು ನಂಗೇ ತುಟಿ ಬಿಚ್ಚಕ್ಕಾಯ್ತಿಲ್ಲ. ಇದ್ನ ನಾನು... ಬ್ಯಾಡ ಅನ್ನಕ್ಕೂ ಬರದ ಕೂಸಿನ ಬಾಯಿಗೆ ಇಡಕ್ಕೆ ಬಂದಿದ್ನಲ್ಲಾ.

ಒಳಕ್ಕೆ ತಕಂಡೋಗು ಕೂಸ್ನ. ಓಗವ್ವ, ಬಿರ್ರನೆ ಓಗು. ಜನಕ್ಕೆ ಏನ್ ಏಳ್ಬೇಕೋ ನಾನು ಏಳ್ಕತೀನಿ. ಅಲ್ಲಿ ನಾಕು ಜನ ಆಡ್ಕಂಡು ನಕ್ರೆ, ಮತ್ತೆ ನನ್ ತಲೆ ಕೆಡ್ತದೆ, ಮತ್ತೆ ಬತ್ತೀನಿ. ಆಗ ನಾನು ಎಷ್ಟು ಕೂಗುದ್ರೂ ಕೊಡ್ಬ್ಯಾಡ.