ಒಂದು ವಾಕ್ಯ ಅಡ್ಡ

ತರಬೇತಿ ಮೈದಾನದ ಎದುರಿನ ಕಾಫಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವನು ಲಮಾಂಟ್, ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಈ ವರ್ಷ ಆರಿಸಿಕೊಂಡ ಹೊಸಬ. ಜೊತೆಗೆ ಅವನ ತಾಯಿ.

"ಎಲ್ಲರೂ ಒಳಗೆ ಆಡ್ತಿದಾರೆ. ಒಪ್ಪಂದಕ್ಕೆ ಸಹಿ ಹಾಕೋಕೇನೋ ನಿಂಗೆ?"

"ಒಂದು ವಾಕ್ಯ ಅಡ್ಡ ಇದೆಯಮ್ಮ."

"ದುಡ್ಡು ಕಮ್ಮಿನಾ?"

"ಅದು ನನ್ನ ಎಷ್ಟನೆಯವನಾಗಿ ಆರಿಸಿದ್ರೋ ಅದರ ಮೇಲೇ ನಿಗದಿ. ಆ ವಾಕ್ಯದ ಪ್ರಕಾರ, ನಾಳೆ ನನ್ನ ತೆಗೆದುಹಾಕಿದ್ರೆ, ಇನ್ನೊಂದು ತಂಡ ಕೊಡೋ ಸಂಬಳನ ಇವರು ಕೊಡಬೇಕಾದ್ದರಲ್ಲಿ ಮುರ್ಕೋತಾರಂತೆ."

"ಸೇರೋ ಮುಂಚೆನೇ ಹೊರಗೆ ಹೋಗೋ ಮಾತ್ಯಾಕೋ?"

"ಬರೆದಿದ್ದು ಅವರು, ನಾನಲ್ಲ."

ಮೈದಾನದಲ್ಲಿ ಸೀಟಿ ಕೇಳಿಸಿತು. ಲಮಾಂಟ್ ಅತ್ತ ತಿರುಗಿ ನೋಡಲಿಲ್ಲ. ಅವನ ಫೋನ್ ರಿಂಗಾಯಿತು.

"ನಮ್ಮ ಏಜೆಂಟು."

ತಾಯಿ ಫೋನ್ ಕಿತ್ತುಕೊಂಡರು. "ಆ ವಾಕ್ಯ ತೆಗೆದ್ರಾ?" ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಇಲ್ವಾ? ಹಾಗಾದ್ರೆ ತಂಡದವರಿಗೆ ಹೇಳಿ, ನನ್ನ ಮಗ ಇನ್ನೂ ಕಾಫಿ ಕುಡೀತಿದಾನೆ ಅಂತ."

ಇಬ್ಬರೂ ಸಾಲು ಬಿಟ್ಟು ಕಾರಿನ ಕಡೆ ನಡೆದರು. ಕಾಫಿ ತೆಗೆದುಕೊಳ್ಳಲೇ ಇಲ್ಲ.