ಫೋಟೋದ ಸುತ್ತ ದಡಿ

ಬನಹಟ್ಟಿ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತ ನೇಕಾರ ತಾಯಿಗೆ ಮಗಳು ಲ್ಯಾಪ್‌ಟಾಪ್ ತೋರಿಸುತ್ತಿದ್ದಳು.

“ಯವ್ವಾ, ವೆಬ್ ಪುಟ ಸಿಂಗಾರ ಮಾಡೂ ಸಿಎಸ್‌ಎಸ್‌ನ್ಯಾಗ ಬಾರ್ಡರ್ ಹಾಕೂದು ಕಲತೇನಿ. ನಿನ್ನ ಸೀರಿ ಫೋಟೋದ ಸುತ್ತ ದಡಿ ಹಾಕೇನಿ, ನೋಡು.”

“ಮದವಿ ಸೀರಿಗೆ ಇಷ್ಟ ಸಣ್ಣ ದಡಿ ಯಾರ ಹಾಕ್ತಾರ? ಅಗಲ ಮಾಡು.”

“ಮಾಡೇನಿ.”

“ಇನ್ನೂ ಅಗಲ. ಲಗೂನ ಮಾಡು, ಜಮಖಂಡ್ಯಾಗ ಅಂಗಡಿ ಸಾವ್ಕಾರ್ರು ನೋಡಾಕ ಕಾಯಾಕತ್ತಾರ. ಬಸ್ಸರ ಯಾಕ ಬರವಲ್ದು?”

“ಆತು. ಅವರ ಫೋನಿನ್ಯಾಗ ಹಿಂಗ ಕಾಣತೈತಿ.”

“ಸೀರಿ ಎಲ್ಲಿ ಹೋತು?”

“ನಡಬರಕ ಐತಲ್ಲ, ಸಣ್ಣದಾಗೇತಿ.”

“ಸೀರ್ಯಾಗಿನ ದಡೀನ ಕಾಣವಲ್ದಲ್ಲ!”

“ಅಗಲ ಮಾಡು ಅಂದಾಕಿ ನೀನ ಬೇ.”

ಬಸ್ ಬಂತು. ತಾಯಿ ಸೀರೆಯ ಗಂಟನ್ನು ಕಂಕುಳಿಗೇರಿಸಿ ಬಾಗಿಲತ್ತ ನುಗ್ಗಿದಳು.

“ನಿನ್ನ ದಡಿ ಪೂರಾ ತಗದ ಒಗಿ. ದಡಿ ನಾ ನೇದೇನಿ.”